ಲಿಟರ್ ಬಾಕ್ಸ್ ಬಿಟ್ಟು ಹಾಸಿಗೆ ಮೇಲೆ ಉಚ್ಚೆ ಹೊಯ್ಯುತ್ತಿರುವ ಬೆಕ್ಕು, ಏನು ಮಾಡಲಿ?

ಮೂಲೆಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಗುಂಡನಿಗೆ ನಾಲ್ಕು ವರ್ಷ. ಗಂಡು ಬೆಕ್ಕು, ಚಿಕ್ಕಂದಿನಲ್ಲೇ ಸಂತಾನಹರಣ ಆಪರೇಷನ್ ಆಗಿದೆ. ಮನೆಯಿಂದ ಹೊರಗೆ ಹೋಗುವುದಿಲ್ಲ. ಮರಿಯಾಗಿ ಬಂದಾಗಿನಿಂದ ಲಿಟರ್ ಬಾಕ್ಸ್ (ಮರಳಿನಂಥ ಪುಡಿ, ಅಂದರೆ ಲಿಟರ್, ತುಂಬಿಟ್ಟ ಬೆಕ್ಕಿನ ಟಾಯ್ಲೆಟ್ ಡಬ್ಬಿ) ಬಿಟ್ಟು ಬೇರೆಲ್ಲೂ ಹೋದವನಲ್ಲ. ಈಗ ಕೆಲವು ದಿನಗಳಿಂದ ನಮ್ಮ ಹಾಸಿಗೆ ಮೇಲೆ, ಬಚ್ಚಲುಮನೆ ಬಾಗಿಲಲ್ಲಿರುವ ಕಾಲೊರಸಿನ ಮೇಲೆ ಉಚ್ಚೆ ಹೊಯ್ಯುತ್ತಿದ್ದಾನೆ. ಕಕ್ಕ ಮಾತ್ರ ಬಾಕ್ಸ್‌ನಲ್ಲೇ ಮಾಡುತ್ತಾನೆ. ಮನೆಯಲ್ಲಿ ಮಿಂಚು ಅಂತ ಒಂದು ವರ್ಷದ ಹೆಣ್ಣು ಬೆಕ್ಕೂ ಇದೆ. ಅವಳದೇನೂ ತೊಂದರೆ ಇಲ್ಲ. ಬೆಡ್‌ಶೀಟ್ ಒಗೆದು ಒಗೆದು ಮನೆಯವರಿಗೆಲ್ಲ ಬೇಸರ ಬಂದಿದೆ. ಇವನನ್ನು ಯಾರಿಗಾದರೂ ಕೊಟ್ಟುಬಿಡೋಣ ಎನ್ನುವ ಮಾತೂ ಶುರುವಾಗಿದೆ. ನನಗೆ ಅದು ಇಷ್ಟವಿಲ್ಲ. ದಯವಿಟ್ಟು ದಾರಿ ಹೇಳಿ.

ಕಾಡುಸಂಪಿಗೆ:
ಮೊದಲು ಒಂದಷ್ಟು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಉತ್ತರದ ಮೇಲೆ ದಾರಿ ಪೂರ್ತಿ ಬದಲಾಗುತ್ತದೆ.

ಒಂದು ಸಲಕ್ಕೆ ಎಷ್ಟು ಹೊಯ್ಯುತ್ತಾನೆ? ಹಾಸಿಗೆ ತುಂಬ ಒದ್ದೆಯಾಗುತ್ತದಾ, ಅಥವಾ ಅಲ್ಲಲ್ಲಿ ಸಣ್ಣ ಕಲೆಯಾ? ಕೂತು ಮಾಡುತ್ತಾನಾ, ಅಥವಾ ನಿಂತು ಬಾಲ ಎತ್ತಿ, ನಡುಗಿಸಿ ಗೋಡೆಗೆ ಚಿಮ್ಮಿಸುತ್ತಾನಾ? ನಿಂತು ಚಿಮ್ಮಿಸಿದರೆ ಅದು ತನ್ನ ಜಾಗ ಎಂದು ಗುರುತು ಹಾಕುವುದು. ಆಪರೇಷನ್ ಆದ ಗಂಡುಗಳಲ್ಲೂ ಸುಮಾರು ನೂರಕ್ಕೆ 10 ಹೀಗೆ ಮಾಡುತ್ತವೆ. ಕೂತು ಮಾಡುತ್ತಿದ್ದರೆ ಕಾರಣ ಬೇರೆ. ಇನ್ನೊಂದು, ಬಾಕ್ಸ್‌ಗೆ ಹೋಗುವುದನ್ನೇ ಬಿಟ್ಟಿದ್ದಾನಾ, ಅಥವಾ ಹೋಗಿ ಬಂದು ಹೋಗಿ ಬಂದು ಮಾಡುತ್ತಾನಾ?

ಮೂಲೆಮನೆ:
ಕೂತೇ ಮಾಡುತ್ತಾನೆ. ಕಲೆ ಸಣ್ಣದು, ಅಂಗೈ ಅಗಲ ಅಷ್ಟೇ. ನೀವು ಕೇಳಿದ ಮೇಲೆ ಗಮನಿಸಿದೆ. ಬಾಕ್ಸ್‌ಗೆ ಹೋಗುತ್ತಾನೆ, ತುಂಬ ಹೊತ್ತು ಕೂರುತ್ತಾನೆ, ಏನೂ ಆಗದೆ ಎದ್ದು ಬರುತ್ತಾನೆ. ಸ್ವಲ್ಪ ಹೊತ್ತಿಗೆ ಮತ್ತೆ ಹೋಗುತ್ತಾನೆ. ಆಮೇಲೆ ಕೆಳಭಾಗವನ್ನು ನೆಕ್ಕುತ್ತಲೇ ಇರುತ್ತಾನೆ. ಇವತ್ತು ಬೆಳಿಗ್ಗೆ ಬಾಕ್ಸ್‌ನಲ್ಲಿ ಕೂತಾಗ ಕೂಗಿದ ಹಾಗೂ ಕೇಳಿಸಿತು.

ಪ್ರಾಣಿಡಾಕ್ಟರ್:
ನಾನು ಪಶುವೈದ್ಯೆ. ಉಳಿದ ಚರ್ಚೆ ಆಮೇಲೆ ಇರಲಿ. ನೀವು ಈಗಲೇ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾಳೆ ಅಲ್ಲ, ರಜಾ ದಿನ ಮುಗಿದ ಮೇಲೂ ಅಲ್ಲ.

ಗಂಡು ಬೆಕ್ಕಿನ ಮೂತ್ರನಾಳ ತುಂಬ ಸಣ್ಣದು. ಹರಳು, ಲೋಳೆ, ಸತ್ತ ಜೀವಕೋಶ ಸೇರಿ ಒಂದು ಬಿರಡೆ ಆಗಿ ಅಲ್ಲಿ ಕೂತರೆ ಉಚ್ಚೆ ಪೂರ್ತಿ ನಿಂತುಹೋಗುತ್ತದೆ. ಆಗ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪುತ್ತದೆ. ಒಂದೆರಡು ದಿನದೊಳಗೆ ಬೆಕ್ಕು ಸಾಯಬಹುದು. ಪದೇ ಪದೇ ಕೂರುವುದು, ಮುಕ್ಕರಿಯುವುದು, ಒಂದೆರಡು ಹನಿ ಬರುವುದು ಅಥವಾ ಏನೂ ಬಾರದಿರುವುದು, ಕೂಗುವುದು, ನೆಕ್ಕುವುದು: ಇವು ಮೊದಲಿನ ಲಕ್ಷಣ. ವಾಂತಿ, ಊಟ ಬಿಡುವುದು, ಮಂಕಾಗಿ ಮಲಗುವುದು ಆಮೇಲೆ ಬರುತ್ತವೆ. ಆ ಹಂತಕ್ಕೆ ಕಾಯಬಾರದು. ಮುಕ್ಕರಿಯುವುದನ್ನು ನೋಡಿ ಮಲಬದ್ಧತೆ ಅಂದುಕೊಂಡು ಕಾಯುವವರು ಜಾಸ್ತಿ. ಅದರಿಂದಲೇ ಹೊತ್ತು ಮೀರುತ್ತದೆ.

ಒಂದು ಮುಖ್ಯ ಮಾತು. ನೋವಿದೆ ಅಂತ ನಿಮ್ಮ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಸಾಕು ಪ್ರಾಣ ಹೋಗಲು.

ತಿಳಿನೀರು:
ನಮ್ಮ ಮನೆಯಲ್ಲಿ ಹಿರಿಯರು ಉಚ್ಚೆ ಮಾಡಿದ ಜಾಗಕ್ಕೆ ಬೆಕ್ಕಿನ ಮೂಗು ಉಜ್ಜಿ ಒಂದು ಏಟು ಕೊಡುತ್ತಿದ್ದರು. ಎರಡು ದಿನದಲ್ಲಿ ಸರಿಹೋಗುತ್ತಿತ್ತು. ಇಷ್ಟೊಂದು ಆಸ್ಪತ್ರೆ ಯಾಕೆ? ಹಟ ಮಾಡುವ ಪ್ರಾಣಿಗೆ ಸ್ವಲ್ಪ ಭಯ ಇರಬೇಕು.

ಕಾಡುಸಂಪಿಗೆ:
ತಿಳಿನೀರು ಅವರೇ, ನಿಮ್ಮ ಮೇಲೆ ಕೋಪವಿಲ್ಲ, ಆದರೆ ಈ ಸಲಹೆ ಯಾರೂ ಪಾಲಿಸಬಾರದು. ಬೆಕ್ಕು ಸೇಡಿಗೆ ಉಚ್ಚೆ ಹೊಯ್ಯುವುದಿಲ್ಲ. ಉಚ್ಚೆ ಹೊಯ್ದು ಎಷ್ಟೋ ಹೊತ್ತಾದ ಮೇಲೆ ಏಟು ಬಿದ್ದರೆ, ಯಾವುದಕ್ಕೆ ಬಿತ್ತು ಅಂತ ಅದಕ್ಕೆ ಗೊತ್ತಾಗುವುದೇ ಇಲ್ಲ. ನಿಮ್ಮನ್ನು ಕಂಡರೆ ನೋವಾಗುತ್ತದೆ ಅನ್ನುವುದಷ್ಟೇ ತಲೆಗೆ ಹತ್ತುತ್ತದೆ. ಆಮೇಲೆ ನಿಮ್ಮ ಕಣ್ಣು ತಪ್ಪಿಸಿ ಮಂಚದ ಕೆಳಗೆ, ಬೀರು ಹಿಂದೆ ಹೋಗುತ್ತದೆ. ಅದನ್ನು ನೋಡಿ ಸರಿಹೋಯಿತು ಅಂದುಕೊಳ್ಳುತ್ತೇವೆ. ಈ ಗುಂಡನ ವಿಷಯದಲ್ಲಂತೂ ನೋವಿನಲ್ಲಿರುವ ಪ್ರಾಣಿಗೆ ಏಟು ಕೊಟ್ಟ ಹಾಗೆ. ಅದು ತೀರಾ ಅನ್ಯಾಯ.

ಮೂಲೆಮನೆ:
ಆಗಲೇ ಹೊರಟೆವು, ಆಸ್ಪತ್ರೆಯಿಂದ ಈಗ ಬಂದೆವು. ದೇವರು ದೊಡ್ಡವನು, ನಾಳ ಕಟ್ಟಿಕೊಂಡಿರಲಿಲ್ಲ. ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಿದರು, ಮೂತ್ರಕೋಶ ಸಣ್ಣದಾಗಿ ಮೆತ್ತಗಿದೆ ಎಂದರು. ಸ್ಕ್ಯಾನಿಂಗ್ ಮಾಡಿದರು, ಕಲ್ಲು ಕಾಣಲಿಲ್ಲ. ಸೂಜಿಯಲ್ಲಿ ನೇರವಾಗಿ ಮೂತ್ರಕೋಶದಿಂದ ಸ್ಯಾಂಪಲ್ ತೆಗೆದರು. ರಕ್ತ ಇದೆಯಂತೆ, ಸೋಂಕು ಇಲ್ಲವಂತೆ. ಕಾರಣ ಗೊತ್ತಾಗದ ಮೂತ್ರಕೋಶದ ಉರಿಯೂತ ಎಂದರು. ನೋವಿನ ಔಷಧಿ ಕೊಟ್ಟರು, ಆಂಟಿಬಯೋಟಿಕ್ ಕೊಡಲಿಲ್ಲ. ರಕ್ತ ಇದ್ದೂ ಆಂಟಿಬಯೋಟಿಕ್ ಬೇಡವಾ? ಅದೇ ಒಂದು ಅನುಮಾನ.

ಪ್ರಾಣಿಡಾಕ್ಟರ್:
ಸಮಾಧಾನವಾಯಿತು. ಆಂಟಿಬಯೋಟಿಕ್ ಕೊಡದೆ ಇದ್ದದ್ದು ಸರಿ. ಬ್ಯಾಕ್ಟೀರಿಯಾದ ಸೋಂಕು ಚಿಕ್ಕ ವಯಸ್ಸಿನ ಬೆಕ್ಕುಗಳಲ್ಲಿ ಅಪರೂಪ. ಹತ್ತು ವರ್ಷ ದಾಟಿದವುಗಳಲ್ಲಿ, ಅದರಲ್ಲೂ ಮೂತ್ರಪಿಂಡದ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇದ್ದರೆ ಜಾಸ್ತಿ. ಹತ್ತರ ಒಳಗಿನ ಬೆಕ್ಕಿಗೆ ಉರಿಮೂತ್ರ ಬಂದರೆ ಹೆಚ್ಚಿನ ಸಲ ನಿಮ್ಮ ಗುಂಡನಿಗೆ ಬಂದದ್ದೇ ಇರುತ್ತದೆ. ಸಾಮಾನ್ಯವಾಗಿ ಒಂದು ವಾರದೊಳಗೆ ತಾನಾಗಿ ಇಳಿಯುತ್ತದೆ, ಆದರೆ ಮತ್ತೆ ಮತ್ತೆ ಬರುತ್ತದೆ. ಮತ್ತೆ ಬಾರದ ಹಾಗೆ ನೋಡಿಕೊಳ್ಳುವುದೇ ನಿಜವಾದ ಚಿಕಿತ್ಸೆ.

ಇದರ ಬೇರು ಬಹಳ ಮಟ್ಟಿಗೆ ಒತ್ತಡದಲ್ಲಿದೆ. ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಟೋನಿ ಬಫಿಂಗ್ಟನ್ ಮತ್ತು ಅವರ ತಂಡ ಈ ಕಾಯಿಲೆಯನ್ನು ವರ್ಷಗಟ್ಟಲೆ ನೋಡಿದ್ದಾರೆ. 2006ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಇಂಥ 46 ಬೆಕ್ಕುಗಳ ಮನೆಯ ವಾತಾವರಣವನ್ನೇ ಬದಲಿಸಿದರು. ಹತ್ತಿ ಕೂರಲು ಎತ್ತರದ ಜಾಗ, ಅಡಗಲು ಮೂಲೆ, ಆಟ, ಒಳ್ಳೆಯ ಲಿಟರ್ ಬಾಕ್ಸ್, ಬೇರೆ ಬೆಕ್ಕುಗಳ ಜೊತೆ ಜಗಳ ಕಡಿಮೆ ಮಾಡುವುದು, ಇಂಥವು. ಉಚ್ಚೆಯ ತೊಂದರೆ ಚೆನ್ನಾಗಿ ಇಳಿಯಿತು.

ಮನೆಯಲ್ಲಿ ನೀವು ಮಾಡಬೇಕಾದ್ದು ನೀರು ಹೆಚ್ಚಿಸುವುದು. ಉಚ್ಚೆ ತೆಳ್ಳಗಾದಷ್ಟೂ ಒಳ್ಳೆಯದು. ಒಣ ಆಹಾರದಲ್ಲಿ ನೀರಿನ ಅಂಶ ಹತ್ತನೇ ಒಂದು ಭಾಗ, ವೆಟ್ ಫುಡ್‌ನಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು. ನಿಧಾನವಾಗಿ ಅದಕ್ಕೆ ಬದಲಿಸಿ. ನೀರಿನ ಬಟ್ಟಲು ಎರಡು ಮೂರು ಕಡೆ ಇಡಿ, ಅಗಲವಾದವು, ಲಿಟರ್ ಬಾಕ್ಸ್‌ನಿಂದ ದೂರ. ಉಚ್ಚೆ ಬರುತ್ತಿದೆಯಾ ಅಂತ ದಿನಾ ನೋಡುತ್ತಿರಿ. ಇವತ್ತು ನಾಳ ಕಟ್ಟಿಲ್ಲ ಎಂದರೆ ನಾಳೆಯೂ ಕಟ್ಟುವುದಿಲ್ಲ ಎಂದಲ್ಲ.

ಹಸಿರುಕಿಟಕಿ:
ಹಾಸಿಗೆ ಏನು ಮಾಡಿದಿರಿ? ವಾಸನೆ ಉಳಿದರೆ ಅದೇ ಜಾಗಕ್ಕೆ ಮತ್ತೆ ಬರುತ್ತವೆ. ನಮ್ಮ ಮೂಗಿಗೆ ಹೋಯಿತು ಅನ್ನಿಸಿದರೂ ಅವುಗಳ ಮೂಗಿಗೆ ಹೋಗಿರುವುದಿಲ್ಲ. ಸೋಪು ನೀರು ಸಾಲದು, ಯಾಕೆಂದರೆ ಉಚ್ಚೆಯಲ್ಲಿರುವ ಯೂರಿಕ್ ಆಸಿಡ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಸಾಕುಪ್ರಾಣಿಗಳ ಕಲೆಗೆಂದೇ ಎಂಜೈಮ್ ಇರುವ ಕ್ಲೀನರ್ ಸಿಗುತ್ತದೆ. ಮೊದಲು ಬಟ್ಟೆಯಲ್ಲಿ ಒತ್ತಿ ಒದ್ದೆ ತೆಗೆಯಿರಿ, ಉಜ್ಜಬೇಡಿ. ಆಮೇಲೆ ಉಚ್ಚೆ ಇಳಿದ ಆಳಕ್ಕೂ ಹೋಗುವ ಹಾಗೆ ಕ್ಲೀನರ್ ಸುರಿದು, ತಾನಾಗಿ ಒಣಗಲು ಬಿಡಿ. ಸುಮ್ನೆ ಮೇಲೆ ಚಿಮುಕಿಸಿ ಒರೆಸಿದರೆ ಉಪಯೋಗವಿಲ್ಲ. ಹಳೆ ಕಲೆ ಎಲ್ಲಿದೆ ಅಂತ ಗೊತ್ತಾಗದಿದ್ದರೆ ಲೈಟ್ ಆರಿಸಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಬಿಡಿ, ಹೊಳೆಯುತ್ತದೆ.

ಅಮೋನಿಯಾ ಇರುವುದನ್ನು ಬಳಸಬೇಡಿ, ಅದರ ವಾಸನೆಯೇ ಉಚ್ಚೆಯ ಹಾಗಿರುತ್ತದೆ. ಫಿನಾಯಿಲ್ ಕೂಡ ಬೇಡ.

ಪ್ರಾಣಿಡಾಕ್ಟರ್:
ಫಿನಾಯಿಲ್ ಮಾತು ಬಂದದ್ದು ಒಳ್ಳೆಯದಾಯಿತು. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತುಂಬ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿದರೆ ಅದೂ ಹೊಟ್ಟೆಗೆ ಹೋಗುತ್ತದೆ.

ಮೂಲೆಮನೆ:
ಔಷಧಿ ಮುಗಿಯಿತು. ನೋವು ಹೋಗಿದೆ, ಮುಕ್ಕರಿಯುವುದಿಲ್ಲ, ಉಚ್ಚೆ ಧಾರಾಳವಾಗಿ ಬರುತ್ತದೆ. ಆಟವಾಡುತ್ತಾನೆ. ಆದರೆ ಹಾಸಿಗೆಯ ಮೇಲೆ ಹೊಯ್ಯುವುದು ನಿಂತಿಲ್ಲ. ಈಗ ದೊಡ್ಡ ಕಲೆ. ಕಾಯಿಲೆ ಹೋದ ಮೇಲೂ ಯಾಕೆ?

ಕಾಡುಸಂಪಿಗೆ:
ಯಾಕೆಂದರೆ ಬಾಕ್ಸ್‌ಗೆ ಕಾಲಿಟ್ಟಾಗಲೆಲ್ಲ ಉರಿ ಅನುಭವಿಸಿದ್ದಾನೆ. ಉರಿ ಬಾಕ್ಸ್‌ನಿಂದ ಬಂತು ಅಂತ ಅವನ ಲೆಕ್ಕ. ಮೆತ್ತಗಿನ ಹಾಸಿಗೆ ಅವನಿಗೆ ನೋವಿಲ್ಲದ ಜಾಗ. ಆ ಲೆಕ್ಕವನ್ನು ಬದಲಿಸಬೇಕು. ಬಾಕ್ಸ್ ಎಂಥದು, ಎಲ್ಲಿದೆ, ಯಾವ ಲಿಟರ್, ಪೂರ್ತಿ ಬರೆಯಿರಿ.

ಮೂಲೆಮನೆ:
ಒಂದೇ ಬಾಕ್ಸ್, ಇಬ್ಬರೂ ಬಳಸುತ್ತಾರೆ. ಮುಚ್ಚಳ ಇರುವಂಥದ್ದು, ಮುಂದೆ ತಳ್ಳುವ ಬಾಗಿಲಿದೆ. ಲ್ಯಾವೆಂಡರ್ ವಾಸನೆಯ ಲಿಟರ್. ವಾಷಿಂಗ್ ಮಷೀನ್ ಪಕ್ಕ, ಉದ್ದ ಪ್ಯಾಸೇಜಿನ ಕೊನೆಯಲ್ಲಿ ಇಟ್ಟಿದ್ದೇವೆ. ಗಲೀಜನ್ನು ದಿನ ಬಿಟ್ಟು ದಿನ ತೆಗೆಯುತ್ತೇವೆ.

ಕಾಡುಸಂಪಿಗೆ:
ಹಾಗಾದರೆ ಮಾಡುವುದು ತುಂಬ ಇದೆ, ಮತ್ತು ಇದೆಲ್ಲ ನಮ್ಮ ಕೈಯಲ್ಲೇ ಇರುವಂಥದ್ದು.

ಸಂಖ್ಯೆ ಮೊದಲು. ಎಷ್ಟು ಬೆಕ್ಕೋ ಅದಕ್ಕಿಂತ ಒಂದು ಹೆಚ್ಚು ಬಾಕ್ಸ್. ನಿಮಗೆ ಮೂರು ಬೇಕು. ಮೂರನ್ನೂ ಒಂದೇ ಸಾಲಿನಲ್ಲಿಟ್ಟರೆ ಬೆಕ್ಕಿನ ಕಣ್ಣಿಗೆ ಅದು ಒಂದೇ ಜಾಗ. ಬೇರೆ ಬೇರೆ ಕೋಣೆಯಲ್ಲಿ ಇಡಿ.

ಅಳತೆ ಇನ್ನೊಂದು. ಮೂಗಿನಿಂದ ಬಾಲದ ಬುಡದವರೆಗೆ ಅಳೆಯಿರಿ, ಬಾಕ್ಸ್ ಅದರ ಒಂದೂವರೆ ಪಟ್ಟು ಉದ್ದ ಇರಬೇಕು. ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಬಾಕ್ಸ್‌ಗಳು ದೊಡ್ಡ ಬೆಕ್ಕಿಗೆ ಚಿಕ್ಕವು. ನಾನು ಬಟ್ಟೆ ತುಂಬಿಡುವ ಅಗಲದ ಪ್ಲಾಸ್ಟಿಕ್ ಡಬ್ಬಿ ತಂದು ಒಂದು ಬದಿ ಕತ್ತರಿಸಿ ಬಾಗಿಲು ಮಾಡುತ್ತೇನೆ. ಅಂಚನ್ನು ಉಜ್ಜಿ ನುಣುಪು ಮಾಡಬೇಕು, ಇಲ್ಲದಿದ್ದರೆ ಹೊಟ್ಟೆ ಗೀರುತ್ತದೆ.

ಲ್ಯಾವೆಂಡರ್ ನಮ್ಮ ಮೂಗಿಗೆ ಹಿತ, ಅವನು ಅದರೊಳಗೆ ಮೂಗು ಇಟ್ಟು ಕೆರೆಯಬೇಕು. ವಾಸನೆ ಇಲ್ಲದ, ಸಣ್ಣ ಕಾಳಿನ, ಉಂಡೆಕಟ್ಟುವ ಲಿಟರ್ ತನ್ನಿ. ಸಾಕುಬೆಕ್ಕಿನ ಮೂಲ ಆಫ್ರಿಕಾದ ಕಾಡುಬೆಕ್ಕು, ಒಣನೆಲದ ಪ್ರಾಣಿ. ಮರಳಿನ ಹಾಗಿರುವುದು ಹೆಚ್ಚಿನ ಬೆಕ್ಕುಗಳಿಗೆ ಒಪ್ಪುತ್ತದೆ. ಗುಂಡನಿಗೆ ಮೆತ್ತಗಿನದು ಬೇಕು ಅಂತ ಅವನೇ ತೋರಿಸಿದ್ದಾನಲ್ಲ, ಹಾಸಿಗೆ, ಕಾಲೊರಸು. ಎರಡು ಬಾಕ್ಸ್‌ನಲ್ಲಿ ಎರಡು ಥರದ ಲಿಟರ್ ಹಾಕಿ ಅವನೇ ಆರಿಸಲಿ.

ಶುಚಿ. ದಿನಕ್ಕೆ ಕನಿಷ್ಠ ಒಂದು ಸಲ, ಸಾಧ್ಯವಾದರೆ ಎರಡು ಸಲ ತೆಗೆಯಿರಿ. ವಾಸನೆ ಇಲ್ಲದ ಸೋಪಿನಲ್ಲಿ ಆಗಾಗ ತೊಳೆಯಿರಿ. ಪ್ಲಾಸ್ಟಿಕ್ ಗೀರು ಬಿದ್ದು ಹಳತಾದರೆ ವಾಸನೆ ಒಳಗೆ ಹಿಡಿಯುತ್ತದೆ, ಬದಲಾಯಿಸಿಬಿಡಿ.

ವಾಷಿಂಗ್ ಮಷೀನ್ ಪಕ್ಕ ಖಂಡಿತ ಬೇಡ. ಕೂತಿರುವಾಗ ಅದು ಒಮ್ಮೆ ಗಡಗಡ ಎಂದರೆ ಸಾಕು. ಆದರೆ ಹಳೆ ಬಾಕ್ಸ್ ತಕ್ಷಣ ಎತ್ತಬೇಡಿ, ಮಿಂಚು ಅದನ್ನೇ ನಂಬಿದ್ದಾಳೆ. ಹೊಸವನ್ನು ಇಟ್ಟು, ಅವು ರೂಢಿಯಾದ ಮೇಲೆ ತೆಗೆಯಿರಿ.

ಮುಚ್ಚಳ ತೆಗೆಯಿರಿ.

ಮಳೆಹನಿ:
ಮುಚ್ಚಳದ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ನಮ್ಮ ಬೆಕ್ಕಿಗೆ ಮುಚ್ಚಳ ಇದ್ದರೇನೇ ಸಮಾಧಾನ, ತೆರೆದದ್ದಕ್ಕೆ ಹೋಗುವುದೇ ಇಲ್ಲ. 2013ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದರು. ಒಂದೇ ಅಳತೆಯ, ದೊಡ್ಡದಾದ, ದಿನಾ ಶುಚಿ ಮಾಡಿದ ಬಾಕ್ಸ್ ಕೊಟ್ಟಾಗ 27 ಬೆಕ್ಕುಗಳಲ್ಲಿ ಹೆಚ್ಚಿನವು ಎರಡನ್ನೂ ಬಳಸಿದವು. ಕೆಲವಕ್ಕೆ ಮಾತ್ರ ಇದೇ ಬೇಕು ಅಂತ ಇತ್ತು.

ಕಾಡುಸಂಪಿಗೆ:
ಸರಿ, ಒಪ್ಪಿದೆ. ಮುಚ್ಚಳವೇ ಕೆಟ್ಟದ್ದು ಎನ್ನುವುದಕ್ಕಿಂತ, ಒಂದು ಮುಚ್ಚಿದ್ದು ಇರಲಿ, ಒಂದು ತೆರೆದದ್ದು ಇರಲಿ ಎನ್ನೋಣ. ಆದರೆ ಮುಚ್ಚಿದ ಬಾಕ್ಸ್‌ಗೆ ದಾರಿ ಒಂದೇ. ಎರಡು ಬೆಕ್ಕಿರುವ ಮನೆಯಲ್ಲಿ ಅದು ನನಗೆ ಚಿಂತೆ.

ಹಳೆಬೆಕ್ಕು:
ನಡುವೆ ನನ್ನದೊಂದು ಪ್ರಶ್ನೆ. ನಮ್ಮ ಬೆಕ್ಕಿಗೆ ಹದಿನಾಲ್ಕು ವರ್ಷ, ಅಜ್ಜಿ ಅಂತಲೇ ಕರೆಯುತ್ತೇವೆ. ಉಚ್ಚೆ ಬಾಕ್ಸ್‌ನಲ್ಲಿ, ಕಕ್ಕ ಮಾತ್ರ ಬಾಕ್ಸ್‌ನ ಹೊರಗೆ, ಪಕ್ಕದಲ್ಲೇ. ಇದೂ ಅದೇ ಕಾಯಿಲೆಯಾ?

ಪ್ರಾಣಿಡಾಕ್ಟರ್:
ಬಹುಶಃ ಅಲ್ಲ. ಬಾಕ್ಸ್‌ವರೆಗೆ ಬಂದು ಪಕ್ಕದಲ್ಲಿ ಮಾಡುವ ಹಳೆ ಬೆಕ್ಕಿಗೆ ಕೀಲುನೋವು ಇರುವ ಸಾಧ್ಯತೆ ದೊಡ್ಡದು. 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದಾಗ 90ರಲ್ಲಿ ಕೀಲು ಸವೆತ ಕಂಡಿತ್ತು. ಬೆಕ್ಕು ಹೆಚ್ಚಾಗಿ ಕುಂಟುವುದಿಲ್ಲ, ಹಾಗಾಗಿ ನಮಗೆ ತಿಳಿಯುವುದಿಲ್ಲ. ಜಿಗಿಯುವುದು ಕಡಿಮೆಯಾಗುತ್ತದೆ, ಬೆನ್ನಿನ ಮೇಲೆ ಕೂದಲು ಗಂಟು ಕಟ್ಟುತ್ತದೆ. ಕಕ್ಕಕ್ಕೆ ಹೆಚ್ಚು ಹೊತ್ತು ಸೊಂಟ ಬಗ್ಗಿಸಿ ಕೂರಬೇಕು, ಅದು ಆಗುವುದಿಲ್ಲ. ಮಲ ಗಟ್ಟಿಯಾಗಿದ್ದರೂ ಹೀಗಾಗುತ್ತದೆ. ಅಂಚು ತುಂಬ ತಗ್ಗಾಗಿರುವ ಬಾಕ್ಸ್ ಕೊಡಿ, ಮೆಟ್ಟಿಲು ಹತ್ತದೆ ಸಿಗುವ ಕಡೆ ಇಡಿ. ಜೊತೆಗೆ ರಕ್ತ ಪರೀಕ್ಷೆ ಮಾಡಿಸಿ. ಈ ವಯಸ್ಸಿನಲ್ಲಿ ಮೂತ್ರಪಿಂಡ, ಥೈರಾಯಿಡ್, ಸಕ್ಕರೆ ನೋಡಲೇಬೇಕು.

ಹಸಿರುಕಿಟಕಿ:
ಮೂಲೆಮನೆ ಅವರೇ, ನನಗೆ ಮಿಂಚು ಮೇಲೆ ಅನುಮಾನ. ಅವಳು ಬಂದು ಎಷ್ಟು ದಿನ? ಬಾಕ್ಸ್ ಉದ್ದ ಪ್ಯಾಸೇಜಿನ ಕೊನೆಯಲ್ಲಿದೆ ಎಂದಿರಿ. ಅಂದರೆ ಹೋಗುವುದಕ್ಕೂ ಬರುವುದಕ್ಕೂ ಒಂದೇ ದಾರಿ. ಆ ದಾರಿಯ ಬಾಯಲ್ಲಿ ಅವಳು ಕೂರುತ್ತಾಳಾ ಅಂತ ನೋಡಿ. ಬೆಕ್ಕುಗಳ ಜಗಳ ಎಂದರೆ ಕಿರುಚಾಟ, ಪರಚಾಟ ಅಂದುಕೊಳ್ಳುತ್ತೇವೆ. ಹೆಚ್ಚಿನ ಜಗಳ ಸದ್ದೇ ಇಲ್ಲದೆ ನಡೆಯುತ್ತದೆ. ಒಂದು ಬೆಕ್ಕು ಬಾಗಿಲಲ್ಲಿ ಆರಾಮಾಗಿ ಮಲಗಿ ದಿಟ್ಟಿಸುತ್ತದೆ. ಇನ್ನೊಂದು ತಿರುಗಿ ಹೋಗುತ್ತದೆ. ಅಷ್ಟೇ, ಮನೆಯವರಿಗೆ ಏನೂ ಕಾಣುವುದಿಲ್ಲ. ಹಾಸಿಗೆ ಎತ್ತರದಲ್ಲಿದೆ, ಅಲ್ಲಿಂದ ಸುತ್ತ ಕಾಣುತ್ತದೆ, ಯಾರೂ ಹಿಂದಿನಿಂದ ಬರಲಾರರು. ನಿಮ್ಮ ವಾಸನೆಯೂ ಇದೆ. ಭಯಪಟ್ಟ ಬೆಕ್ಕಿಗೆ ಅದಕ್ಕಿಂತ ಒಳ್ಳೆಯ ಜಾಗ ಯಾವುದು ಹೇಳಿ?

ಮೂಲೆಮನೆ:
ಮಿಂಚು ಬಂದು ಕೆಲವು ತಿಂಗಳಾಯಿತು. ಹಳೆ ಫೋನನ್ನು ಪ್ಯಾಸೇಜಿನಲ್ಲಿಟ್ಟು ರೆಕಾರ್ಡ್ ಮಾಡಿ ನೋಡಿದೆ. ನೀವು ಹೇಳಿದ್ದು ಅಕ್ಷರಶಃ ನಿಜ. ಗುಂಡ ಬರುತ್ತಾನೆ, ಅವಳು ಬಾಗಿಲಲ್ಲಿ ಮಲಗಿದ್ದಾಳೆ, ನೋಡುತ್ತಾಳೆ, ಅವನು ಗೋಡೆ ಸವರಿಕೊಂಡು ಹಿಂತಿರುಗುತ್ತಾನೆ. ಒಮ್ಮೆ ಅವನು ಒಳಗಿದ್ದಾಗ ಹೊರಬರುವ ಹೊತ್ತಿಗೆ ಸರಿಯಾಗಿ ಮೇಲೆ ಹಾರಿದಳು. ಅವಳಿಗೆ ಅದು ಆಟ. ನೋಡಿ ನನಗೆ ತುಂಬ ಸಂಕಟವಾಯಿತು. ಇಷ್ಟು ದಿನ ಇದೇ ಮನೆಯಲ್ಲಿ ಅವನು ಹೆದರಿಕೊಂಡು ಬದುಕಿದ್ದಾನೆ.

ಹಸಿರುಕಿಟಕಿ:
ಮಿಂಚು ಮೇಲೆ ಸಿಟ್ಟು ಬೇಡ, ಅವಳು ಬೆಳೆಯುವ ಬೆಕ್ಕು, ಬೇಟೆ ಆಡಬೇಕು. ದಿನಾ ಕೋಲಿಗೆ ಕಟ್ಟಿದ ಗರಿಯ ಆಟ ಆಡಿಸಿ, ಚೆನ್ನಾಗಿ ದಣಿಯಲಿ. ಬಾಕ್ಸ್‌ಗಳನ್ನು ಎರಡು ಕಡೆಯಿಂದ ದಾರಿ ಇರುವ ಜಾಗದಲ್ಲಿ ಇಡಿ. ಊಟದ ತಟ್ಟೆ, ನೀರು, ಮಲಗುವ ಜಾಗ ಇಬ್ಬರಿಗೂ ಬೇರೆ ಬೇರೆ, ಒಬ್ಬರಿಗೊಬ್ಬರು ಕಾಣದ ಹಾಗೆ. ಗುಂಡನಿಗೆ ಹತ್ತಿ ಕೂರಲು ಎತ್ತರದ ಹಲಗೆ ಕೊಡಿ.

ಮಳೆಹನಿ:
ನಾನು ಬಸುರಿ. ಬಾಕ್ಸ್ ತೆಗೆಯುವ ಕೆಲಸ ನಾನೇ ಮಾಡಬಹುದಾ? ಮನೆಯಲ್ಲಿ ಬೆಕ್ಕನ್ನೇ ಬಿಟ್ಟುಬಿಡು ಅನ್ನುತ್ತಿದ್ದಾರೆ.

ಪ್ರಾಣಿಡಾಕ್ಟರ್:
ಬೆಕ್ಕನ್ನು ಬಿಡಬೇಕಿಲ್ಲ. ಟಾಕ್ಸೊಪ್ಲಾಸ್ಮಾ ಎನ್ನುವ ಪರಾವಲಂಬಿ ಜೀವಿಯ ಭಯಕ್ಕೆ ಹಾಗೆ ಹೇಳುತ್ತಾರೆ. ಅದು ಬೆಕ್ಕಿನ ಮಲದಲ್ಲಿ ಬಂದರೂ ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಹಾಗಾಗಿ ದಿನಾ ಶುಚಿ ಮಾಡಿದರೆ ಅಪಾಯ ಬಹಳ ಇಳಿಯುತ್ತದೆ. ಈ ಕೆಲವು ತಿಂಗಳು ಬೇರೆಯವರು ಮಾಡಲಿ. ಯಾರೂ ಇಲ್ಲದಿದ್ದರೆ ಕೈಗವಸು ಹಾಕಿ, ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಬೆಕ್ಕಿಗೆ ಹಸಿ ಮಾಂಸ ಕೊಡಬೇಡಿ. ನಿಮ್ಮ ಡಾಕ್ಟರಿಗೂ ಬೆಕ್ಕಿರುವುದನ್ನು ಹೇಳಿಡಿ.

ಮೂಲೆಮನೆ:
ಹೇಳಿದ್ದನ್ನೆಲ್ಲ ಮಾಡಿದೆವು. ಮೂರು ಬಾಕ್ಸ್, ಮೂರು ಕಡೆ. ಗುಂಡ ಆರಿಸಿದ್ದು ತೆರೆದ, ದೊಡ್ಡ, ಸಣ್ಣ ಕಾಳಿನ ಲಿಟರ್ ಇರುವುದನ್ನು, ನಮ್ಮ ಮಲಗುವ ಕೋಣೆಯಲ್ಲಿರುವುದನ್ನು. ಹಾಸಿಗೆಗೆ ನೀರಿಳಿಯದ ಹೊದಿಕೆ ಹಾಕಿ, ಅವನು ಹೊಯ್ಯುತ್ತಿದ್ದ ಜಾಗದಲ್ಲೇ ದಿನಾ ಕೂರಿಸಿಕೊಂಡು ತಿಂಡಿ ಕೊಟ್ಟು ಆಟವಾಡಿಸುತ್ತಿದ್ದೇವೆ. ತಿನ್ನುವ, ಆಡುವ ಜಾಗದಲ್ಲಿ ಉಚ್ಚೆ ಹೊಯ್ಯಲು ಅವುಗಳಿಗೆ ಮನಸ್ಸಾಗುವುದಿಲ್ಲ ಎಂದು ನಮ್ಮ ಡಾಕ್ಟರ್ ಹೇಳಿದ್ದರು. ಹಾಸಿಗೆ ಒಣಗಿಯೇ ಇದೆ. ಆದರೆ ನಿನ್ನೆ ಕಾಲೊರಸು ಮತ್ತೆ ಒದ್ದೆ. ಅದು ಗುಂಡನೋ ಮಿಂಚುವೋ ಗೊತ್ತಾಗುತ್ತಿಲ್ಲ.

ಪ್ರಾಣಿಡಾಕ್ಟರ್:
ಕಂಡುಹಿಡಿಯಲು ದಾರಿಯಿದೆ. ಫ್ಲೋರೊಸೀನ್ ಎನ್ನುವ ಬಣ್ಣವನ್ನು ಒಂದು ಬೆಕ್ಕಿಗೆ ಮಾತ್ರ ಬಾಯಿಯ ಮೂಲಕ ಕೊಟ್ಟರೆ, ಮುಂದಿನ ಒಂದು ದಿನ ಅದರ ಉಚ್ಚೆ ಯುವಿ ಬೆಳಕಿನಲ್ಲಿ ಮಾಮೂಲಿ ಉಚ್ಚೆಗಿಂತ ಪ್ರಖರವಾಗಿ, ಹಳದಿ ಹಸಿರಾಗಿ ಹೊಳೆಯುತ್ತದೆ. ನಿಮ್ಮ ಡಾಕ್ಟರನ್ನು ಕೇಳಿ, ಪ್ರಮಾಣ ಅವರೇ ಹೇಳಬೇಕು. ಅಲ್ಲಿಯವರೆಗೆ ಕಾಲೊರಸನ್ನು ತೆಗೆದಿಡಿ. ಬೇಕಾದಾಗ ಹಾಸಿ, ಆಮೇಲೆ ಎತ್ತಿಬಿಡಿ.

ಕಾಡುಸಂಪಿಗೆ:
ಇದು ಎಲ್ಲರಿಗೂ. ಸರಿಹೋಯಿತು ಅಂತ ಬೇಗ ಬಾಕ್ಸ್ ಕಡಿಮೆ ಮಾಡಬೇಡಿ. ಜಾಗ ಬದಲಿಸಬೇಕಾದರೆ ದಿನಕ್ಕೆ ಒಂದಡಿಯ ಹಾಗೆ ಸರಿಸಿ. ಗುಂಡನಂಥ ಬೆಕ್ಕಿಗೆ ಮನೆ ಬದಲಿಸುವಾಗ, ನೆಂಟರು ಬಂದಾಗ, ರಿಪೇರಿ ಕೆಲಸ ನಡೆಯುವಾಗ ಉರಿಮೂತ್ರ ಮರುಕಳಿಸಬಹುದು. ಆ ದಿನಗಳಲ್ಲಿ ಅವನಿಗೊಂದು ಕೋಣೆ ಬಿಟ್ಟುಕೊಡಿ, ಬಾಕ್ಸ್, ನೀರು, ಹಾಸಿಗೆ ಎಲ್ಲ ಅಲ್ಲೇ ಇರಲಿ.

ಮೂಲೆಮನೆ:
ಬಣ್ಣ ಕೊಟ್ಟು ನೋಡಿದೆವು. ಕಾಲೊರಸಿನದು ಮಿಂಚುವಿನ ಕೆಲಸ. ನಾಳೆ ಅವಳನ್ನು ಪರೀಕ್ಷೆಗೆ ಕರೆದುಕೊಂಡು ಹೋಗುತ್ತಿದ್ದೇನೆ, ಉಚ್ಚೆಯ ಸ್ಯಾಂಪಲ್ ತೆಗೆಸುತ್ತೇನೆ. ಗುಂಡನನ್ನು ಕೊಟ್ಟುಬಿಡುವ ಮಾತು ಮನೆಯಲ್ಲಿ ಈಗ ಯಾರೂ ಎತ್ತುತ್ತಿಲ್ಲ.

ಹಳೆಬೆಕ್ಕು:
ನಮ್ಮಜ್ಜಿಗೆ ಎಕ್ಸ್‌ರೇ ಆಯಿತು, ಸೊಂಟದ ಎರಡೂ ಕೀಲು ಸವೆದಿವೆ. ಬೆಕ್ಕಿಗೆಂದೇ ಇರುವ ನೋವಿನ ಔಷಧಿ ಶುರುಮಾಡಿದ್ದಾರೆ. ಅಗಲವಾದ ಟ್ರೇ ತಂದು ಮುಂದಿನ ಅಂಚನ್ನು ಎರಡು ಬೆರಳಿನಷ್ಟು ಎತ್ತರಕ್ಕೆ ಕತ್ತರಿಸಿದೆ. ಈಗ ಕಕ್ಕವೂ ಒಳಗೇ ಮಾಡುತ್ತಾಳೆ. ರಾತ್ರಿ ಕತ್ತಲಲ್ಲಿ ಅವಳಿಗೆ ದಾರಿ ತಪ್ಪುತ್ತದೆ ಅನ್ನಿಸಿ ಟ್ರೇ ಹತ್ತಿರ ಸಣ್ಣ ದೀಪ ಹಾಕುತ್ತಿದ್ದೇನೆ. ಅದು ಸರಿಯಾ?

ಪ್ರಾಣಿಡಾಕ್ಟರ್:
ಸರಿ, ಹಾಕಿ. ವಯಸ್ಸಾದ ಬೆಕ್ಕಿಗೆ ಕಣ್ಣು ಮಂದವಾಗಿರಬಹುದು. ಮುಂದಿನ ಸಲ ಹೋದಾಗ ರಕ್ತದೊತ್ತಡವನ್ನೂ ನೋಡಿಸಿ. ಬಿಪಿ ಏರಿದರೆ ಹಳೆ ಬೆಕ್ಕುಗಳಿಗೆ ಇದ್ದಕ್ಕಿದ್ದಂತೆ ದೃಷ್ಟಿ ಹೋಗುವುದುಂಟು.